ಬಂದರಿನ ದೋಣಿ ಹತ್ತುವ ಮೊದಲು

ಈ ವರ್ಷ ನಮ್ಮ ದೇಶನೂರಿನಿಂದ, ಸುತ್ತಲ ಊರುಗಳಿಂದ ಮಂಗಳೂರಿಗೆ ಓದಲು ಹೊರಟವರು ಕಡಿಮೆಯೇನಿಲ್ಲ. ಒಬ್ಬನಿಗೆ ಎಂಜಿನಿಯರಿಂಗ್ ಸೀಟು, ಒಬ್ಬಳಿಗೆ ನರ್ಸಿಂಗ್, ಇನ್ನೊಬ್ಬಳಿಗೆ ಫಿಸಿಯೋಥೆರಪಿ. ಹಾಸ್ಟೆಲ್ಲಿನ ಊಟ, ದುಡ್ಡಿನ ಲೆಕ್ಕ, ಗೆಳೆಯರ ಸಹವಾಸ, ಇವನ್ನೆಲ್ಲ ನಿಮ್ಮ ಅವ್ವ ಅಪ್ಪ ಹೇಳಿ ಹೇಳಿ ನಿಮ್ಮ ಕಿವಿ ತೂತು ಬಿದ್ದಿರುತ್ತದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ನಾನು ಹೇಳಬೇಕೆಂದಿರುವುದು ಹತ್ತು ನಿಮಿಷದ ಒಂದು ಪ್ರಯಾಣದ ವಿಷಯ. ಹೋದ ಮೊದಲ ತಿಂಗಳಲ್ಲೇ ಒಂದು ಭಾನುವಾರ ಯಾರಾದರೊಬ್ಬರು "ಬೀಚಿಗೆ ಹೋಗೋಣ ಬರ್ರೋ" ಅನ್ನುತ್ತಾರೆ. ಸುಲ್ತಾನ್ ಬತ್ತೇರಿಗೋ ಹಳೆ ಬಂದರಿಗೋ ಹೋಗಿ ಫೆರಿ ಬೋಟು ಹತ್ತುತ್ತೀರಿ. ಹತ್ತಿರಿ, ಬೇಡ ಅನ್ನುವವನು ನಾನಲ್ಲ. ನಾಲ್ಕು ವರ್ಷ ಮಂಗಳೂರಿನಲ್ಲಿದ್ದೂ ಆ ದೋಣಿ ಹತ್ತದೆ ಸರ್ಟಿಫಿಕೇಟು ಹಿಡಿದು ಬಂದವರನ್ನು ಕಂಡರೆ ನನಗೆ ಕನಿಕರ. ಆದರೆ ಹತ್ತುವುದಕ್ಕೊಂದು ರೀತಿ ಇದೆ.

"ಮಿಲ್ಲಿನ ಲೆಕ್ಕ ಬರೆದ ತಾತನಿಗೆ ದೋಣಿ ಏನು ಗೊತ್ತು" ಅಂತ ನೀವು ನಗಬಹುದು. ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಸೋನಾ ಮಸೂರಿ ಲೋಡು ಮಂಗಳೂರಿನ ಬಂದರು ಪೇಟೆಯ ಮಂಡಿಗಳಿಗೆ ಹೋಗುತ್ತಿತ್ತು. ಬಾಕಿ ವಸೂಲಿಗೆ ಹೋಗುವ ಗುಮಾಸ್ತ ನಾನು. ಮಂಡಿಯ ಸಾಹುಕಾರರು ಬಹಳ ಮರ್ಯಾದಸ್ಥರು, ಚಹಾ ಕುಡಿಸಿ "ನಾಳೆ ಬನ್ನಿ" ಅನ್ನುತ್ತಿದ್ದರು. ಇಡೀ ದಿನ ಖಾಲಿ. ಲಾಡ್ಜಿನಲ್ಲಿ ಕೂತರೆ ಸೆಕೆ. ಹಾಗಾಗಿ ಬಂದರಿಗೆ ನಡೆದು ಬೆಂಗ್ರೆ ದೋಣಿ ಹತ್ತಿ, ಆಚೆ ದಡ ಮುಟ್ಟಿ, ಅದರಲ್ಲೇ ತಿರುಗಿ ಬರುವುದು ಒಂದು ಚಟವಾಯಿತು. ದೋಣಿಯವರು ಮೊದಮೊದಲು ಈ ಬಯಲುಸೀಮೆಯ ಪಂಚೆಯವನನ್ನು ನೋಡಿ ನಕ್ಕರು, ಆಮೇಲೆ ಮಾತಿಗಿಳಿದರು. ಅವರ ಬಾಯಿಂದ ಕೇಳಿದ್ದನ್ನೇ ನಿಮಗೆ ಒಪ್ಪಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ನೀರು ನಮಗೆ ಗೊತ್ತು ಎಂಬ ಹಮ್ಮನ್ನು ಊರಲ್ಲೇ ಬಿಟ್ಟು ಹೊರಡಿ. ನಾವು ತುಂಗಭದ್ರೆಯ ದಂಡೆಯವರು, ನಿಜ. ವಿಜಯನಗರದ ಅರಸರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ನಮ್ಮೂರ ಹೆಸರಿನದೇ ಒಂದು ಕಾಲುವೆ ಇದೆ. ಹೊಸಪೇಟೆ ಡ್ಯಾಮಿನ ನೀರು ಬರುವ ಮೊದಲೇ, ನೂರಾರು ವರ್ಷಗಳಿಂದ, ದೇಶನೂರು ಕಾಲುವೆ ಇಲ್ಲಿ ನೆಲ್ಲು ಬೆಳೆಸುತ್ತಿತ್ತು. ಹೊಳೆಯಲ್ಲಿ ಎಮ್ಮೆ ಬಾಲ ಹಿಡಿದು ಈಜು ಕಲಿತವರು, ಕೆಂಚನಗುಡ್ಡದ ಹತ್ತಿರ ಹರಿಗೋಲಿನಲ್ಲಿ ಕೂತು ಆಚೆ ದಂಡೆಯ ಬೀಗರ ಮನೆಗೆ ಹೋದವರು ನಮ್ಮ ಓಣಿಗಳಲ್ಲಿ ಇನ್ನೂ ಬದುಕಿದ್ದಾರೆ. ಆದರೆ ನಮ್ಮ ನೀರಿಗೆ ಒಂದೇ ದಿಕ್ಕು. ಮೇಲಿಂದ ಬಂತು, ಕೆಳಗೆ ಹೋಯಿತು. ಮಂತ್ರಾಲಯ ದಾಟಿ, ಕರ್ನೂಲು ದಾಟಿ, ಕೃಷ್ಣೆಗೆ ಸೇರಿತು. ತುಂಬಿದ ಹೊಳೆಯಾದರೂ ಅದು ಯಾವ ಕಡೆ ಎಳೆಯುತ್ತದೆ ಎಂಬುದು ಮೂರು ವರ್ಷದ ಕೂಸಿಗೂ ಗೊತ್ತು.

ಬಂದರಿನ ನೀರು ಹಾಗಲ್ಲ. ಬೆಳಿಗ್ಗೆ ಕಡಲ ಕಡೆಗೆ ಓಡುತ್ತಿದ್ದದ್ದು ಮಧ್ಯಾಹ್ನ ತಿರುಗಿ ಊರ ಕಡೆಗೆ ಬರುತ್ತದೆ. ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಇವತ್ತು ಇಷ್ಟು ಹೊತ್ತಿಗೆ ಉಬ್ಬರ ಬಂದರೆ ನಾಳೆ ಅದಕ್ಕಿಂತ ಐವತ್ತು ನಿಮಿಷದಷ್ಟು ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು. ಮಂಗಳೂರಿನಲ್ಲಿ ಅದು ನಾಲ್ಕು ಅಡಿಯ ಆಸುಪಾಸು ಅಷ್ಟೇ, ಗುಜರಾತಿನ ಖಂಭಾತದ ಹಾಗೆ ಮನೆಯೆತ್ತರ ಏಳುವುದಿಲ್ಲ. ನಾಲ್ಕೇ ಅಡಿ ಅಂತ ಹಗುರವಾಗಿ ನೋಡಬೇಡಿ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ (ಗುರುಪುರ ಹೊಳೆ ಅಂತಲೂ ಅದನ್ನೇ ಕರೆಯುತ್ತಾರೆ) ಬಂದು ಕೂಡಿ, ಮರಳುದಿಬ್ಬಗಳ ನಡುವಿನ ಒಂದೇ ಬಾಗಿಲಿನಿಂದ ಕಡಲಿಗೆ ನುಗ್ಗುತ್ತವೆ. ಅದನ್ನು ಅಳಿವೆ ಅನ್ನುತ್ತಾರೆ. ಎರಡು ಹೊಳೆಯ ನೀರು ಹೊರಗೆ ಹೋಗಬೇಕು, ಕಡಲಿನ ನೀರು ಒಳಗೆ ಬರಬೇಕು, ಇಬ್ಬರಿಗೂ ಅದೇ ಬಾಗಿಲು. ಮೇಲಿನಿಂದ ನೋಡಿದರೆ ನೀರು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಎಂಜಿನ್ ನಿಂತ ದೋಣಿಯಲ್ಲಿ ಒಂದು ನಿಮಿಷ ಕೂತರೆ ತಿಳಿಯುತ್ತದೆ ಅದು ಮಲಗಿಲ್ಲ ಅಂತ.

ಇಲ್ಲಿ ಒಂದು ಮಾತು ನೆನಪಿಡಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಒಂದೇ ಘಟ್ಟದ ಸಾಲಿನವು. ಗಂಗಾಮೂಲದ ಹತ್ತಿರ ಬಿದ್ದ ಮಳೆಯಲ್ಲಿ ಒಂದಿಷ್ಟು ಪೂರ್ವಕ್ಕೆ ತಿರುಗಿ ನಮ್ಮ ಗದ್ದೆಗೆ ಬರುತ್ತದೆ, ಒಂದಿಷ್ಟು ಪಶ್ಚಿಮಕ್ಕೆ ಇಳಿದು ಆ ಬಂದರಿಗೆ ಹೋಗುತ್ತದೆ. ದೇಶನೂರಿನವರಿಗೆ ಮಂಗಳೂರು ದೂರದ ಊರು ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ಈಗ ದೋಣಿಗೆ ಬರೋಣ. ದೋಣಿ ಬಂದು ಧಕ್ಕೆಗೆ ತಾಗಿತು ಎಂದ ಕೂಡಲೇ ನುಗ್ಗಬೇಡಿ. ಧಕ್ಕೆಯ ಗೋಡೆಗೆ ಹಳೆಯ ಟೈರು ಇಳಿಬಿಟ್ಟಿರುತ್ತಾರೆ, ದೋಣಿ ಅದಕ್ಕೆ ಉಜ್ಜಿಕೊಂಡು ಮೇಲೆ ಕೆಳಗೆ ಆಡುತ್ತಿರುತ್ತದೆ. ದೋಣಿಗೂ ಕಲ್ಲಿಗೂ ನಡುವೆ ಒಂದು ಗೇಣು ಸಂದು ಬಿಡುತ್ತದೆ, ಮುಚ್ಚುತ್ತದೆ, ಮತ್ತೆ ಬಿಡುತ್ತದೆ. ಆ ಸಂದಿನಲ್ಲಿ ಕಾಲು ಸಿಕ್ಕರೆ ಮೂಳೆ ಉಳಿಯುವುದಿಲ್ಲ. ಹಗ್ಗ ಹಿಡಿದ ಹುಡುಗ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ದೋಣಿಯ ಅಂಚಿನ ಮೇಲೆ ಇಟ್ಟು ಕೈ ಚಾಚುತ್ತಾನೆ. ಅವನ ಬೆರಳು ಹಿಡಿಯಬೇಡಿ, ಮುಂಗೈ ಹಿಡಿಯಿರಿ, ಬೆರಳು ಜಾರುತ್ತದೆ. ದೋಣಿ ಮೇಲೆದ್ದು ಮೆಟ್ಟಿಲ ಸಮಕ್ಕೆ ಬಂದ ಗಳಿಗೆಯಲ್ಲಿ ಕಾಲಿಡಿ, ಅಂಚಿನ ಮೇಲಲ್ಲ, ಒಳಗಿನ ಹಲಗೆಯ ನಡುವೆ. ಬ್ಯಾಗನ್ನು ಎರಡೂ ಹೆಗಲಿಗೆ ಬಿಗಿದುಕೊಂಡು ಹತ್ತಬೇಡಿ, ಒಂದು ಹೆಗಲಿಗಿರಲಿ, ಬೇಕೆಂದಾಗ ಕಳಚುವಂತೆ. ಇಳಿತದ ಹೊತ್ತಾದರೆ ಕೆಳಗಿನ ಮೆಟ್ಟಿಲುಗಳು ನೀರಿನಿಂದ ಮೇಲೆದ್ದಿರುತ್ತವೆ, ಪಾಚಿ ಹಿಡಿದಿರುತ್ತದೆ. ಅಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರೆ ಯಾರೂ ನಗುವುದಿಲ್ಲ. ಬೆಂಗ್ರೆಯ ಅಜ್ಜಿಯರೂ ಹಾಗೇ ಮಾಡುವುದನ್ನು ನೋಡಿದ್ದೇನೆ.

ಒಳಗೆ ಹೋದ ಮೇಲೆ ಕೂತುಕೊಳ್ಳಿ. "ಮಾರಾಯ್ರೇ, ನಡುವಲ್ಲಿ ಕೂತ್ಕೊಳ್ಳಿ" ಅಂತ ದೋಣಿಯವನು ಒಂದು ಸಲ ಹೇಳುತ್ತಾನೆ. ಎರಡನೆಯ ಸಲ ಹೇಳಿಸಿಕೊಳ್ಳಬೇಡಿ. ನಮ್ಮ ಹರಿಗೋಲು ದುಂಡಗಿರುತ್ತದೆ, ತಳ ಚಪ್ಪಟೆ. ಸುತ್ತ ಸಮನಾಗಿ ಕೂತರೆ ಅದು ತಿರುಗುತ್ತದೆ, ಬೇಗ ಮಗುಚುವುದಿಲ್ಲ. ಉದ್ದನೆಯ ದೋಣಿಯ ಸ್ವಭಾವ ಬೇರೆ. ಕೂತರೆ ಭಾರ ಕೆಳಗಿರುತ್ತದೆ, ನಿಂತರೆ ಭಾರ ಮೇಲೇರುತ್ತದೆ. ಹತ್ತು ಹುಡುಗರು ಡಾಲ್ಫಿನ್ ಬಂತು ಅಂತಲೋ ಸೆಲ್ಫಿಗೆ ಅಂತಲೋ ಒಂದೇ ಬದಿಗೆ ಎದ್ದು ಓಡಿದರೆ ಆ ಬದಿ ತಗ್ಗುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ದೊಡ್ಡ ಮೀನುಗಾರಿಕೆ ಬೋಟು ಹಾದುಹೋದರೆ ಅದರ ಅಲೆ ತಗ್ಗಿದ ಬದಿಗೇ ಹೊಡೆಯುತ್ತದೆ. ಇದಕ್ಕೆ ಯಾವ ಬಿರುಗಾಳಿಯೂ ಬೇಕಿಲ್ಲ.

ಲೈಫ್ ಜಾಕೆಟ್ ಕೊಟ್ಟರೆ ತೊಟ್ಟುಕೊಳ್ಳಿ, ಕೊಡದಿದ್ದರೆ ಕೇಳಿ. ಬೆವರಿನ ವಾಸನೆ ಬರುತ್ತದೆ, ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ಎಲ್ಲ ನಿಜ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಸತ್ತವರಲ್ಲಿ ಹಾವೇರಿ ಕಡೆಯಿಂದ ದೇವರಿಗೆಂದು ಬಂದ ಸಂಸಾರದವರೂ ಇದ್ದರು, ನಮ್ಮಂಥ ಬಯಲುಸೀಮೆಯವರು. ದೋಣಿಯಲ್ಲಿ ಮಂದಿ ಹೆಚ್ಚಿದ್ದರು, ಮೈಮೇಲೆ ಜಾಕೆಟ್ ಇರಲಿಲ್ಲ ಅಂತ ಆಗ ಪತ್ರಿಕೆಗಳು ಬರೆದವು. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇತ್ತು. ದಡ ಕಾಣುತ್ತಿದೆ ಎಂಬ ಧೈರ್ಯವನ್ನು ನೀರಿನ ಮೇಲೆ ಯಾರೂ ನಂಬಬಾರದು. ಮಂದಿ ತುಂಬಿದ ದೋಣಿ ಕಂಡರೆ ಮುಂದಿನದಕ್ಕೆ ಕಾಯಿರಿ. "ಇಬ್ಬರಿಗೆ ಜಾಗ ಇದೆ ಬನ್ನಿ" ಅಂತ ಕರೆದರೂ ಕಾಯಿರಿ. ಸಿರುಗುಪ್ಪದಿಂದ ಟಂಟಂನಲ್ಲಿ ಹದಿನಾಲ್ಕು ಮಂದಿ ತೂಗಾಡಿಕೊಂಡು ಬಂದ ಅಭ್ಯಾಸ ನಿಮಗಿದೆ, ನನಗೂ ಇದೆ. ಆ ಅಭ್ಯಾಸ ಅಲ್ಲಿಗೆ ಬೇಡ.

ಆ ದೋಣಿ ಯಾರದು ಎಂಬುದನ್ನೂ ತಿಳಿದುಕೊಳ್ಳಿ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಿಗೆ. ಅಲ್ಲಿ ಮೊಗವೀರರ ಮನೆಗಳಿವೆ, ಬ್ಯಾರಿಗಳ ಮನೆಗಳಿವೆ, ಭಜನಾ ಮಂದಿರವಿದೆ, ಮಸೀದಿಯಿದೆ. ಎದುರಿಗೇ ಕಾಣುವ ಪೇಟೆಗೆ ರಸ್ತೆಯಲ್ಲಿ ಬರಬೇಕಾದರೆ ಉತ್ತರಕ್ಕೆ ಹೋಗಿ ಕೂಳೂರು ಸುತ್ತಬೇಕು. ದೋಣಿಯಲ್ಲಾದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಹಾಗಾಗಿ ಶಾಲೆಗೆ, ಆಸ್ಪತ್ರೆಗೆ, ಕೆಲಸಕ್ಕೆ, ಮದುವೆಯ ಸೀರೆ ತರಲಿಕ್ಕೆ, ಎಲ್ಲದಕ್ಕೂ ಅವರಿಗೆ ಆ ದೋಣಿಯೇ. ನಮಗೆ ಅದು ಭಾನುವಾರದ ಮೋಜು, ಅವರಿಗೆ ಅದು ಸಿರುಗುಪ್ಪ ಬಸ್ಸು. ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ, ಸಂಜೆ ಕೆಲಸ ಬಿಡುವ ಹೊತ್ತಿನಲ್ಲಿ ಪ್ರವಾಸಕ್ಕೆ ಹೋಗಿ ಅವರ ಜಾಗ ತಿನ್ನಬೇಡಿ. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಪಕ್ಕದಲ್ಲಿ ಕೂತರೆ ಮೂಗು ಮುಚ್ಚಬೇಡಿ. ನಿಮ್ಮ ಫೋನಿನ ಹಾಡು ನಿಮ್ಮ ಕಿವಿಗೆ ಮಾತ್ರ ಕೇಳಲಿ. ಯಾರದ್ದೇ ಫೋಟೋ ತೆಗೆಯುವ ಮುನ್ನ ಒಂದು ಮಾತು ಕೇಳಿ. ಕೇಳಿದರೆ ಹೆಚ್ಚಿನವರು ನಕ್ಕು ಒಪ್ಪುತ್ತಾರೆ.

ನಮ್ಮ ಮಾತಿನ ಧಾಟಿಯೂ ಅಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಊರಲ್ಲಿ ಪ್ರೀತಿಯವರಿಗೇ ನಾವು "ಏನಲೇ" ಅನ್ನುತ್ತೇವೆ, ಹಿರಿಯರಿಗೂ ಒಮ್ಮೊಮ್ಮೆ "ನೀನು" ಎಂದೇ ಮಾತಾಡುತ್ತೇವೆ, ಯಾರಿಗೂ ಬೇಜಾರಿಲ್ಲ. ಕರಾವಳಿಯವರ ಕಿವಿಗೆ ಅದು ಬೈಗುಳದ ಹಾಗೆ ಬೀಳುತ್ತದೆ. ಅವರು ತಮ್ಮತಮ್ಮಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುತ್ತಾರೆ, ನೀವು ಕನ್ನಡದಲ್ಲಿ ಕೇಳಿದರೆ ಪುಸ್ತಕದ ಕನ್ನಡದಲ್ಲಿ ಉತ್ತರಿಸುತ್ತಾರೆ. "ಅಣ್ಣಾ, ಕೊನೆಯ ದೋಣಿ ಎಷ್ಟು ಗಂಟೆಗೆ?" ಅಂತ ಕೇಳಿ. ಇದನ್ನು ಹೋಗುವಾಗಲೇ ಕೇಳಬೇಕು, ಸಂಜೆ ಕತ್ತಲಾದ ಮೇಲೆ ಆಚೆ ದಡದಲ್ಲಿ ನಿಂತುಕೊಂಡಲ್ಲ. ಚಿಲ್ಲರೆ ಕೈಯಲ್ಲಿರಲಿ. ನೀರಿನ ಮೇಲೆ ನೆಟ್‌ವರ್ಕು ಹುಡುಕುತ್ತಾ ಫೋನ್‌ಪೇ ಮಾಡಲು ನಿಂತರೆ ಹಿಂದಿನವರು ಗೊಣಗುತ್ತಾರೆ.

ಇನ್ನು ಹಳೆಯ ಕಥೆ. ಇದನ್ನು ಹೇಳದೆ ಬಿಟ್ಟರೆ ನನಗೆ ಉಂಡ ಅನ್ನ ಅರಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ನೀವು ದೋಣಿ ಹತ್ತುವ ಆ ಬಂದರು ಒಂದು ಕಾಲಕ್ಕೆ ನಮ್ಮದೇ ಬಂದರು. ಹಂಪಿಯಲ್ಲಿ ಕೂತು ಆಳಿದವರಿಗೆ ಕಡಲು ಕಾಣುತ್ತಿರಲಿಲ್ಲ, ಆದರೆ ಮಂಗಳೂರು, ಬಾರ್ಕೂರು, ಬಸ್ರೂರು, ಭಟ್ಕಳದ ಬಾಗಿಲುಗಳು ಅವರ ಕೈಯಲ್ಲಿದ್ದವು. 1342ರ ಸುಮಾರಿಗೆ ಪ್ರವಾಸಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರು, ಮೆಣಸು ಶುಂಠಿ ರಾಶಿ ಬೀಳುತ್ತಿತ್ತು. 1443ರಲ್ಲಿ ಪರ್ಷಿಯಾದ ಶಾರೂಖ್ ಸುಲ್ತಾನನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ಬಂದು ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ನೆಲದ ದಾರಿಯಲ್ಲಿ ವಿಜಯನಗರಕ್ಕೆ ಬಂದ. ಅವನು ಕಡಲಿಗೆ ಅಂಜುತ್ತಿದ್ದವನು. ಹೊರ್ಮುಜ್‌ನಲ್ಲಿ ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ಮೂರ್ಛೆ ಹೋಗಿ ಮೂರು ದಿನ ಉಸಿರೊಂದು ಬಿಟ್ಟು ಬೇರೇನೂ ಇರಲಿಲ್ಲ ಅಂತ ತಾನೇ ಬರೆದುಕೊಂಡಿದ್ದಾನೆ. ದೋಣಿಯಲ್ಲಿ ನಿಮಗೆ ಹೊಟ್ಟೆ ತೊಳಸಿದರೆ ನಾಚಬೇಡಿ, ರಾಯಭಾರಿಗಳಿಗೂ ಆಗಿದೆ. ಒಗ್ಗಾಣಿ ಮಿರ್ಚಿ ಹೊಟ್ಟೆ ತುಂಬ ತಿಂದು ಹತ್ತಬೇಡಿ, ಫೋನು ನೋಡಬೇಡಿ, ದೂರದ ದಡದ ತೆಂಗಿನ ಮರ ನೋಡುತ್ತಾ ಕೂರಿ.

ಅದೇ ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಹರಿಗೋಲು ಕಂಡು ಬೆರಗಾಗಿದ್ದ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗುತ್ತದೆ ಎಂದೆಲ್ಲ ಬರೆದಿಟ್ಟ. ಕಡಲು ದಾಟಿ ಬಂದವನಿಗೆ ನಮ್ಮ ಹೊಳೆಯ ದೋಣಿ ವಿಚಿತ್ರ, ನಮಗೆ ಕಡಲಿನದು ವಿಚಿತ್ರ. ಒಬ್ಬರನ್ನೊಬ್ಬರು ನೋಡಿ ನಗುವ ಹಕ್ಕು ಇಬ್ಬರಿಗೂ ಸಮ.

ಮುಂದೆ ಕಂಪನಿ ಸರ್ಕಾರ ಬಂದಾಗಲೂ ನಂಟು ಕಡಿಯಲಿಲ್ಲ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಕೆನರಾದ ಕಲೆಕ್ಟರಾಗಿ ಹೋದ ಥಾಮಸ್ ಮನ್ರೋ ಮರುವರ್ಷವೇ ನಮ್ಮ ದತ್ತ ಮಂಡಲಕ್ಕೆ ಬಂದ. ನಮ್ಮ ಹೊಲಗಳ ಅಳತೆ, ರೈತವಾರಿ ಪಟ್ಟೆ ಎಲ್ಲ ಅವನ ಕಾಲದ ಕೆಲಸ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮರುವರ್ಷ ಬಳ್ಳಾರಿಯಲ್ಲಿ 'ಕನ್ನಡ ಸಮಾಚಾರ' ಆಗಿ ಅಚ್ಚಾಯಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಸಿರುಗುಪ್ಪವೂ ಮದ್ರಾಸಿನದೇ, ಮಂಗಳೂರೂ ಮದ್ರಾಸಿನದೇ. ನಿಮ್ಮ ಮುತ್ತಾತಂದಿರು ಅರ್ಜಿ ಬರೆದರೆ ಅದು ಹೋಗುತ್ತಿದ್ದದ್ದು ಮಂಗಳೂರಿನವರ ಅರ್ಜಿ ಹೋಗುತ್ತಿದ್ದ ಊರಿಗೇ.

ಇನ್ನೊಂದು ಸಂಗತಿ ನಿಮ್ಮ ಪಠ್ಯದಲ್ಲಿ ಇರಲಾರದು. ಕಡಲಿನಾಚೆಯ ಲಕ್ಷದ್ವೀಪದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳಿವೆ. 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಹೋಗುವ ತನಕ ಇವು ದಕ್ಷಿಣ ಕನ್ನಡ ಜಿಲ್ಲೆಯ ದ್ವೀಪಗಳು, ಮಂಗಳೂರಿನ ಕಲೆಕ್ಟರ ಕಚೇರಿಯೇ ಅಲ್ಲಿನವರಿಗೆ ದೊಡ್ಡ ಕಚೇರಿ. ಆಡಳಿತ ಹೋಯಿತು, ವ್ಯಾಪಾರ ನಿಂತಿಲ್ಲ. ಹಳೆ ಬಂದರಿನಲ್ಲಿ ಮಳೆಗಾಲ ಬಿಟ್ಟು ಯಾವಾಗ ಹೋದರೂ ಮಂಜಿಗಳು ನಿಂತಿರುತ್ತವೆ, ಮರದ ದೊಡ್ಡ ಹಡಗುಗಳು. ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಆಡು ಕುರಿ ಎಲ್ಲ ಅವುಗಳ ಹೊಟ್ಟೆಗೆ ಹೋಗುತ್ತವೆ. ಬರುವಾಗ ತೆಂಗು, ಕೊಬ್ಬರಿ, ಒಣಮೀನು. ಒಮ್ಮೆ ನಾನು ಧಕ್ಕೆಯ ಮೇಲೆ ನಿಂತಿದ್ದಾಗ ಕೂಲಿಯವರು ಹಲಗೆಯ ಮೇಲಿಂದ ಅಕ್ಕಿ ಮೂಟೆ ಹೊತ್ತು ಮಂಜಿಗೆ ಏರಿಸುತ್ತಿದ್ದರು. ಹಲಗೆ ಬಳುಕುತ್ತಿತ್ತು, ಅದು ಬಳುಕಿದ ತಾಳಕ್ಕೆ ಅವರು ಹೆಜ್ಜೆ ಇಡುತ್ತಿದ್ದರು. ಒಬ್ಬನ ತಲೆಯ ಮೇಲಿನ ಚೀಲ ತಿರುಗಿದಾಗ ನಮ್ಮ ಮಿಲ್ಲಿನ ಹಸಿರು ಮುದ್ರೆ ಕಂಡಿತು. ನನ್ನ ಸಾಲಗಾರ ಸಾಹುಕಾರರ ಸರಕು ಎಲ್ಲಿಗೆ ಹೋಗುತ್ತಿದೆ, ದುಡ್ಡು ಯಾಕೆ ತಡವಾಗುತ್ತಿದೆ ಎರಡೂ ಒಟ್ಟಿಗೆ ತಿಳಿಯಿತು. ದೇಶನೂರು ಕಾಲುವೆಯ ನೀರು ಕುಡಿದ ನೆಲ್ಲು ಅರಬ್ಬಿ ಕಡಲು ದಾಟಿ ಅಮಿನಿಯ ಅಡುಗೆಮನೆಗೆ ಹೋಗುತ್ತಿತ್ತು. ನೀವು ಬೀಚಿಗೆ ಹೋಗುವ ದಿನ ಅರ್ಧ ಗಂಟೆ ಮೊದಲೇ ಹೋಗಿ ಆ ಲೋಡಿಂಗ್ ನೋಡಿ. ದೂರ ನಿಂತು ನೋಡಿ, ದುಡಿಯುವವರ ದಾರಿಗೆ ಅಡ್ಡ ನಿಲ್ಲಬೇಡಿ.

ಲಕ್ಷದ್ವೀಪಕ್ಕೇ ಹೋಗಬೇಕೆಂಬ ಆಸೆ ಹುಟ್ಟಿದರೆ ಒಳ್ಳೆಯದೇ, ಆದರೆ ಮಂಗಳೂರಿನಿಂದ ಹಾಗೇ ಟಿಕೆಟು ತೆಗೆದು ಹೊರಡುವಂತಿಲ್ಲ. ಹೊರಗಿನವರಿಗೆ ಪ್ರವೇಶದ ಪರ್ಮಿಟ್ ಬೇಕೇ ಬೇಕು. ಕಾಯಂ ಪ್ರಯಾಣಿಕರ ಹಡಗುಗಳು ಕೊಚ್ಚಿಯಿಂದ ಹೊರಡುತ್ತವೆ, ದ್ವೀಪ ಯಾವುದು ಎಂಬುದರ ಮೇಲೆ ಹದಿನಾಲ್ಕರಿಂದ ಹದಿನೆಂಟು ಗಂಟೆ ಹಿಡಿಯುತ್ತದೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ದ್ವೀಪದಿಂದ ಹಳೆ ಬಂದರಿಗೆ ಏಳು ಗಂಟೆಯ ಸುಮಾರಿಗೆ ಬಂದು ತಲುಪಿದಾಗ ಮಂಗಳೂರಿನವರು ಸಂಭ್ರಮಪಟ್ಟರು. ಆ ದಾರಿ ಮತ್ತೆ ಗಟ್ಟಿಯಾಗಬೇಕು ಎಂಬುದು ನನ್ನ ಆಸೆ. ಓದು ಮುಗಿದು ಕೈಯಲ್ಲಿ ಸಂಬಳ ಬರಲಿ, ಆಮೇಲೆ ಹೋಗಿ.

ಸುಲ್ತಾನ್ ಬತ್ತೇರಿಯ ಕಡೆಯಿಂದ ತಣ್ಣೀರುಬಾವಿ ಬೀಚಿಗೆ ಹೋಗುವವರು ದೋಣಿ ಬರುವ ತನಕ ಆ ಕರಿಕಲ್ಲಿನ ಬುರುಜು ಹತ್ತಿ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಶತ್ರುಗಳ ಹಡಗು ಫಲ್ಗುಣಿಯೊಳಗೆ ನುಗ್ಗದಿರಲಿ ಅಂತ. ಗೋಡೆಯ ಸಂದುಗಳಲ್ಲಿ ಕಣ್ಣಿಟ್ಟರೆ ತೋಪು ಎತ್ತ ತಿರುಗಿರುತ್ತಿತ್ತು ತಿಳಿಯುತ್ತದೆ. ಅದೇ ವರ್ಷದ ಮಾರ್ಚ್ 11ರಂದು ಟಿಪ್ಪುವಿಗೂ ಕಂಪನಿಗೂ ಮಂಗಳೂರಿನಲ್ಲೇ ಒಪ್ಪಂದವಾಯಿತು. ಒಪ್ಪಂದ ಮಾಡಿಕೊಂಡ ವರ್ಷವೇ ಬುರುಜು ಕಟ್ಟಿಸಿದ್ದಾನೆ ನೋಡಿ. ಕಾಗದದ ಮೇಲೆ ಅವನಿಗೆ ಎಷ್ಟು ಭರವಸೆ ಇತ್ತೋ ಲೆಕ್ಕ ಹಾಕಿ. ಗೋಡೆಯ ಮೇಲೆ ಮಾತ್ರ ಹೆಸರು ಕೆತ್ತಬೇಡಿ. ನಮ್ಮ ಬಳ್ಳಾರಿ ಕೋಟೆಯ ಮೇಲೆ ಕೆತ್ತಿದ್ದೇ ಸಾಕು.

ಮಳೆಗಾಲದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೇ ನಿಷೇಧ. ಕಡಲನ್ನೇ ಹೊಟ್ಟೆಪಾಡು ಮಾಡಿಕೊಂಡವರು ಆ ಎರಡು ತಿಂಗಳು ದಡದಲ್ಲಿ ಬಲೆ ಹೆಣೆಯುತ್ತಾ ಕೂರುತ್ತಾರೆ. ಮೀನಿನ ಸಂತಾನ ಬೆಳೆಯಲಿ ಎಂಬುದು ಒಂದು ಕಾರಣ, ಆಗಿನ ಕಡಲೇ ಹಾಗೆ ಎಂಬುದು ಇನ್ನೊಂದು. ನಿಮ್ಮ ಕಾಲೇಜು ಶುರುವಾಗುವುದೂ ಆ ಕಾಲದ ಆಸುಪಾಸಿನಲ್ಲೇ. ಹೊಸ ಊರು, ಹೊಸ ಗೆಳೆಯರು, ಮಳೆಯ ಹುಚ್ಚು. ಆಗಲೇ ಬೀಚಿಗೆ ಹೋಗಬೇಕು ಅನ್ನಿಸುವುದು. ನಮ್ಮಲ್ಲಿ ವರ್ಷವೆಲ್ಲ ಬೀಳುವ ಮಳೆ ಅಲ್ಲಿ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಘಟ್ಟದ ಮೇಲೆ ಮಳೆ ಜಡಿದರೆ ಎರಡೂ ಹೊಳೆ ಕೆಂಪಗಾಗಿ ಮರ, ಬೊಡ್ಡೆ ತೇಲಿಸಿಕೊಂಡು ಬರುತ್ತವೆ. ಆ ಹೊತ್ತಿಗೆ ಉಬ್ಬರವೂ ಬಂದರೆ ಅಳಿವೆಯಲ್ಲಿ ನೀರು ಎದ್ದು ನಿಲ್ಲುತ್ತದೆ. ಗಣೇಶ ಚೌತಿ ಕಳೆಯಲಿ, ಆಕಾಶ ತಿಳಿಯಾಗಲಿ, ಆಮೇಲೆ ದೋಣಿ. ದೋಣಿಯವನು "ಇವತ್ತು ಬೇಡ" ಅಂದ ದಿನ ಅವನ ಜೊತೆ ವಾದ ಮಾಡುವವನು ಮೂರ್ಖ. ಅವತ್ತಿನ ಸಂಪಾದನೆ ಬಿಟ್ಟು ಅವನು ಹಾಗೆ ಹೇಳುತ್ತಿದ್ದಾನೆ ಎಂಬುದನ್ನು ನೆನೆಯಿರಿ.

ಆಚೆ ದಡದ ಕಡಲು ತೀರ ದೊಡ್ಡದು, ಚೆಂದದ್ದು. ಮೊಣಕಾಲಿನವರೆಗೆ ನಿಮ್ಮದು, ಅದರಾಚೆ ನಿಮ್ಮದಲ್ಲ. ಕಾಲುವೆಯಲ್ಲಿ, ಬಾವಿಯಲ್ಲಿ ಈಜು ಕಲಿತ ಹುಡುಗರಿಗೇ ಇದನ್ನು ಹೆಚ್ಚು ಒತ್ತಿ ಹೇಳುತ್ತೇನೆ. ಬಾವಿಯಲ್ಲಿ ಕೈಕಾಲು ಸೋತರೆ ಮೆಟ್ಟಿಲಿದೆ, ಗೋಡೆಯಿದೆ. ಅಲ್ಲಿ ಅಲೆ ತಳ್ಳಿ ತಂದ ನೀರು ಕಾಲಡಿಯಿಂದ ಹಿಂದಕ್ಕೆ ಹೋಗುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ನಿಂತವನನ್ನೂ. ಅಂಥ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಎದುರೀಜಿ ದಣಿಯಬಾರದು. ದಡದ ಉದ್ದಕ್ಕೆ ಅಡ್ಡಲಾಗಿ ಈಜಿ, ಸೆಳೆತ ಸಡಿಲಾದ ಕಡೆಯಿಂದ ಒಳಗೆ ಬರಬೇಕು. ಕಾವಲಿನವರು ಸೀಟಿ ಊದಿದರೆ ಮೇಲೆ ಬನ್ನಿ.

ಕೊನೆಗೆ ಹುಡುಗಿಯರಿಗೆ ಒಂದು ಮಾತು. ನಮ್ಮೂರಲ್ಲಿ ಗಂಡು ಹುಡುಗರನ್ನು ಸೊಂಟಕ್ಕೆ ಒಣ ಸೋರೆಬುರುಡೆಯೋ ಡಬ್ಬವೋ ಕಟ್ಟಿ ಬಾವಿಗೆ ಇಳಿಸಿ ಈಜು ಕಲಿಸಿದರು. ಹೊಳೆಯ ದಂಡೆಯಲ್ಲೇ ಹುಟ್ಟಿದ ನಿಮಗೆ ಯಾರೂ ಕಲಿಸಲಿಲ್ಲ. ಬಟ್ಟೆ ಒಗೆಯಲು, ಕೊಡ ತುಂಬಲು ನೀರಿಗೆ ಕಳಿಸಿದರು, ಅದರಲ್ಲಿ ಬಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. ಇದು ನಮ್ಮ ಹಿರಿಯರ ಸರಿಯಲ್ಲದ ನಡೆ. ಮಂಗಳೂರಿನ ಲೇಡಿಹಿಲ್‌ನಲ್ಲಿ ಪಾಲಿಕೆಯ ಈಜುಕೊಳ ಇದೆ. ಹೋದ ಮೊದಲ ತಿಂಗಳೇ ವಿಚಾರಿಸಿ ಹೆಸರು ಹಚ್ಚಿರಿ, ನಾಲ್ಕು ಜನ ಗೆಳತಿಯರು ಸೇರಿ ಹೋಗಿ. ಫೀಸಿಗೆ ಮನೆಯಲ್ಲಿ ದುಡ್ಡು ಕೊಡುವುದಿಲ್ಲ ಅಂದರೆ ನನಗೆ ಫೋನು ಮಾಡಿ, ನಿಮ್ಮ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.